ಕೀಲುಬೇನೆಯೂ ಒಳಗನ್ನು ಕಾಣುವ ಸಾಧನಗಳೂ: ಕಲಬುರಗಿ ಸೀಮೆಯನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

೧

ರಾಜವಂಶಗಳ ಏಳುಬೀಳು, ಶಾಸನಗಳ ಕಾಲನಿರ್ಣಯ, ಭೂಕಂದಾಯದ ಪದ್ಧತಿ ಮೊದಲಾದ ವಿಷಯಗಳಿಗೆ ನಮ್ಮ ಇತಿಹಾಸ ವಿಭಾಗಗಳಲ್ಲಿ ದೊರೆಯುವಷ್ಟು ಗಮನವು ರೋಗಗಳ ಇತಿಹಾಸಕ್ಕೆ ದೊರೆತಿಲ್ಲ. ಪ್ಲೇಗು, ಕಾಲರಾ, ಸಿಡುಬುಗಳನ್ನು ಕುರಿತು ಅಷ್ಟಿಷ್ಟು ಬರೆಹವುಂಟು. ಅವು ಊರುಗಳನ್ನೇ ಬರಿದು ಮಾಡುತ್ತಿದ್ದುದರಿಂದ ಸರ್ಕಾರದ ಕಡತಗಳಲ್ಲಿ ಅವುಗಳ ಗುರುತು ಉಳಿದಿದೆ. ಕೊಲ್ಲದೆ ಕುಂಟಾಗಿಸುವ ಬೇನೆಗಳಿಗೆ ಕಡತಗಳಲ್ಲಿ ದೊರೆತಿರುವ ಎಡೆ ಬಹು ಕಡಿಮೆ. ಕೀಲುಬೇನೆಯು ಅಂತಹವುಗಳಲ್ಲಿ ಒಂದು.

ಜೇವರ್ಗಿ ತಾಲ್ಲೂಕಿನ ಇಜೇರಿಯಂತಹ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಎರೆಮಣ್ಣಿನ ಹೊಲ, ಜೋಳ ತೊಗರಿಯ ಬೆಳೆ, ಕುರಿ ಮೇಕೆಗಳ ಸಾಕಣೆ. ಆ ಊರಿನಲ್ಲಿ ಒಂದೇ ವಾರದಲ್ಲಿ ಮೂವರು ನೋವಿನಿಂದ ನರಳುತ್ತಿದ್ದಾರೆಂದು ಊಹಿಸೋಣ. ಒಬ್ಬನು ಆರು ವರ್ಷದ ಬಾಲಕ. ಜ್ವರ ಬಂದಿದೆ, ಸೊಂಟದ ಕೀಲಿನಲ್ಲಿ ನೋವು, ಕಾಲು ಊರಲೊಲ್ಲನು. ಇನ್ನೊಬ್ಬನು ಕುರಿಗಾಹಿ, ತಿಂಗಳಿಂದ ಸಂಜೆ ಹೊತ್ತಿಗೆ ಜ್ವರ ಬಂದು ಬೆವರಿ ಬಿಡುತ್ತದೆ, ಮೊಣಕಾಲು ಊದಿಕೊಂಡಿದೆ. ಮೂರನೆಯವಳು ಕೂಲಿಯ ಹೆಂಗಸು. ಜ್ವರವೇನೋ ನಾಲ್ಕು ದಿನಕ್ಕೆ ಇಳಿಯಿತು, ಆದರೆ ಮಣಿಕಟ್ಟು ಬೆರಳುಗಳ ನೋವು ತಿಂಗಳುಗಳಾದರೂ ಬಿಟ್ಟಿಲ್ಲ, ಕುಡುಗೋಲು ಹಿಡಿಯಲಾಗದು. ಮನೆಯವರ ಬಾಯಲ್ಲಿ ಮೂರಕ್ಕೂ ಒಂದೇ ಹೆಸರು: ಕೀಲುನೋವು. ಆದರೆ ಮೊದಲನೆಯದು ಕೀಲಿನೊಳಗೆ ಕೀವು ತುಂಬುವ ಸೋಂಕಾಗಿದ್ದರೆ ಕೆಲವೇ ದಿನಗಳಲ್ಲಿ ಮೃದ್ವಸ್ಥಿಯು ಕರಗಿ ಬಾಲಕನು ಜೀವಮಾನವೆಲ್ಲ ಕುಂಟನಾಗಬಹುದು. ಎರಡನೆಯದು ಪಶುಗಳಿಂದ ಹತ್ತಿದ ರೋಗವಾಗಿದ್ದರೆ ವಾರಗಟ್ಟಲೆ ಔಷಧ ಬೇಕು. ಮೂರನೆಯದು ವಿಷಾಣುವಿನಿಂದ ಎದ್ದ ಉರಿಯೂತವಾಗಿದ್ದರೆ ಕೀವಿನ ರೋಗಕ್ಕೆ ಕೊಡುವ ಔಷಧಗಳಿಂದ ಅದಕ್ಕೆ ಪ್ರಯೋಜನವಿಲ್ಲ.

ಹೊರಗೆ ಒಂದೇ ಬಗೆಯಾಗಿ ತೋರುವ ಈ ಬೇನೆಗಳನ್ನು ಒಳಗಿನಿಂದ ಬೇರೆಬೇರೆಯಾಗಿ ಗುರುತಿಸಲು ಮನುಷ್ಯನು ಕ್ರಮೇಣ ಯಾವ ಸಾಧನಗಳನ್ನು ಕಂಡುಕೊಂಡನು, ಅವುಗಳಲ್ಲಿ ಶ್ರವಣಾತೀತ ಧ್ವನಿಯ ಚಿತ್ರಣಕ್ಕೆ, ಎಂದರೆ ಜನರು ಸ್ಕ್ಯಾನಿಂಗ್ ಎಂದು ಕರೆಯುವ ಪರೀಕ್ಷೆಗೆ, ಯಾವ ಸ್ಥಾನವಿದೆ, ಮತ್ತು ಕಲಬುರಗಿ ಸೀಮೆಯ ರೋಗಿಗೆ ಅದು ಎಷ್ಟರಮಟ್ಟಿಗೆ ಎಟುಕಿದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ. ನಾವು ವೈದ್ಯರಲ್ಲ, ಚಿಕಿತ್ಸೆಯ ವಿಷಯದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಪ್ರಕಟವಾದ ವೈದ್ಯಕೀಯ ವರದಿಗಳನ್ನು ಇತಿಹಾಸದ ಆಕರಗಳೆಂದು ಭಾವಿಸಿ ಓದಿದರೆ ಏನು ತಿಳಿದುಬರುತ್ತದೆ ಎಂಬಷ್ಟೇ ನಮ್ಮ ವಿಷಯ.

೨

ಊತದೊಳಗೆ ಕೀವು ಆಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಈ ಪ್ರಶ್ನೆಗಾಗಿಯೇ ಒಂದು ಅಧ್ಯಾಯವು ಮೀಸಲಾಗಿದೆ. ಅಲ್ಲಿ ಬಾವನ್ನು ಆಮ, ಪಚ್ಯಮಾನ, ಪಕ್ವ ಎಂದು ಮೂರು ಅವಸ್ಥೆಗಳಾಗಿ ವಿಂಗಡಿಸಿ, ಬಿಸಿ, ಬಣ್ಣ, ಗಡಸು, ನೋವಿನ ಬಗೆ, ಬೆರಳಿನಿಂದ ಒತ್ತಿದಾಗ ಒಳಗಿನ ದ್ರವವು ಸರಿಯುವ ರೀತಿ ಇವುಗಳಿಂದ ಅವಸ್ಥೆಯನ್ನು ನಿರ್ಣಯಿಸುವ ಕ್ರಮವನ್ನು ಹೇಳಿದೆ. ಮಾಗದ ಬಾವನ್ನು ಕೊಯ್ಯುವವನನ್ನೂ ಮಾಗಿದ ಬಾವನ್ನು ಅರಿಯದೆ ಉಪೇಕ್ಷಿಸುವವನನ್ನೂ ಸಂಹಿತೆಯು ಒಂದೇ ಸಮನಾಗಿ ನಿಂದಿಸುತ್ತದೆ. ಇದಕ್ಕಿಂತ ಮುಖ್ಯವಾದ ಮಾತೊಂದು ಅಲ್ಲಿಯೇ ಇದೆ: ಬಾವು ಆಳದಲ್ಲಿದ್ದರೆ ಮಾಗಿದ ಲಕ್ಷಣಗಳು ಮೇಲೆ ಪೂರ್ತಿಯಾಗಿ ಕಾಣಿಸಿಕೊಳ್ಳದೆ ವೈದ್ಯನು ಭ್ರಾಂತಿಗೆ ಒಳಗಾಗುತ್ತಾನೆ. ಬೆರಳಿನ ಪರೀಕ್ಷೆಯ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬುದನ್ನು ಆ ಕಾಲದ ಶಸ್ತ್ರವೈದ್ಯರು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಇದು ಸಾಕ್ಷಿ.

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ತ್ರಿವಿಧ ಪರೀಕ್ಷೆಯು ವಾಗ್ಭಟನ ಅಷ್ಟಾಂಗಹೃದಯದಲ್ಲಿ ಸ್ಪಷ್ಟವಾಗಿ ಉಕ್ತವಾಗಿದೆ. ಮಾಧವನಿದಾನವು ಆಮವಾತಕ್ಕೆ ಪ್ರತ್ಯೇಕವಾದ ಅಧ್ಯಾಯವನ್ನೇ ಕೊಟ್ಟು, ಕೀಲಿನಿಂದ ಕೀಲಿಗೆ ಹರಡುವ ಊತವನ್ನು ವರ್ಣಿಸುತ್ತದೆ. ನಮ್ಮ ಸೀಮೆಗೂ ಈ ವಿದ್ಯೆಯ ಸಂಬಂಧ ಹಳೆಯದು. ಇಂದಿನ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಜೈನಾಚಾರ್ಯ ಉಗ್ರಾದಿತ್ಯನು, ಔಷಧವಾಗಿಯೂ ಮಾಂಸವು ವರ್ಜ್ಯವೆಂಬ ತನ್ನ ವಾದವನ್ನು ನೃಪತುಂಗನ ಸಭೆಯಲ್ಲಿ ಮಂಡಿಸಿದುದಾಗಿ ಹೇಳಿಕೊಂಡಿದ್ದಾನೆ. ಈ ನೃಪತುಂಗನನ್ನು ವಿದ್ವಾಂಸರು ಸಾಮಾನ್ಯವಾಗಿ ಅಮೋಘವರ್ಷನೆಂದೇ ಗ್ರಹಿಸಿದ್ದಾರೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ವೈದ್ಯಶಾಸ್ತ್ರವು ಕನ್ನಡದಲ್ಲಿ ಮಾತನಾಡಲಾರದು ಎಂಬ ಮಾತಿಗೆ ಎಂಟುನೂರು ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಪಶ್ಚಿಮದಲ್ಲಿಯೂ ಸ್ಥಿತಿಯು ಹೀಗೆಯೇ ಇತ್ತು. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಲೇಖಕ ಸೆಲ್ಸಸನು ಉರಿಯೂತಕ್ಕೆ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದನು. ನಾಲ್ಕೂ ಹೊರಗಿನಿಂದ ತಿಳಿಯುವಂತಹವೇ. ಮೊಣಕಾಲಿನಂತಹ ಮೇಲ್ಭಾಗದ ಕೀಲಿಗೆ ಇವು ಸಾಕಾಗಬಹುದು. ಸೊಂಟದ ಕೀಲು ದಪ್ಪ ಸ್ನಾಯುಗಳ ಅಡಿಯಲ್ಲಿರುವುದರಿಂದ ಅದರಲ್ಲಿ ದ್ರವ ತುಂಬಿದರೂ ಹೊರಗೆ ಕೆಂಪೂ ಇಲ್ಲ, ಊತವೂ ಇಲ್ಲ. ನಾವು ಊಹಿಸಿದ ಬಾಲಕನ ವಿಷಯದಲ್ಲಿ ಪ್ರಾಚೀನರ ವಿದ್ಯೆಯು ನಿಂತುಹೋಗುವುದು ಇಲ್ಲಿಯೇ.

೩

೧೮೯೫ರ ನವೆಂಬರಿನಲ್ಲಿ ರಾಂಟ್‌ಜೆನನು ಕ್ಷಕಿರಣಗಳನ್ನು ಕಂಡುಹಿಡಿದ ಮೇಲೆ ಜೀವಂತ ಶರೀರದ ಮೂಳೆಯು ಮೊದಲ ಬಾರಿಗೆ ಕಣ್ಣಿಗೆ ಬಿದ್ದಿತು. ಕೀಲುಬೇನೆಯ ಅಧ್ಯಯನದಲ್ಲಿ ಇದು ಒಂದು ಯುಗಾರಂಭವೆಂಬುದು ನಿರ್ವಿವಾದ. ಅದರ ಶಕ್ತಿಯನ್ನು ತೋರಿಸಲು ಕರ್ನಾಟಕದ್ದೇ ಆದ ಒಂದು ನಿದರ್ಶನವುಂಟು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಮತ್ತು ಸುತ್ತಲಿನ ಊರುಗಳಲ್ಲಿ ದಲಿತ ಕೃಷಿಕೂಲಿಕಾರರ ಕುಟುಂಬಗಳನ್ನು ಕಾಡುತ್ತಿದ್ದ ಒಂದು ವಿಚಿತ್ರ ಕೀಲುಬೇನೆಯು ೧೯೭೦ರ ದಶಕದ ನಡುವಿನಲ್ಲಿ ಹೊರಜಗತ್ತಿನ ಗಮನಕ್ಕೆ ಬಂದಿತು. ಸೊಂಟ, ಮೊಣಕಾಲುಗಳಲ್ಲಿ ನೋವು. ನಡು ಬಾಗಿ, ಕಾಲು ಸೊಟ್ಟಗಾಗಿ, ಕೊನೆಗೆ ತೆವಳುವ ಸ್ಥಿತಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಭಟ್ ಅವರು ಇದನ್ನು ಪರಿಶೀಲಿಸಿ ೧೯೭೭ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರು ಕೊಟ್ಟ ಹೆಸರು, ಕನ್ನಡದಲ್ಲಿ ಹೇಳುವುದಾದರೆ, ಮಲೆನಾಡಿನ ಸ್ಥಳೀಯ ಕೌಟುಂಬಿಕ ಸಂಧಿವಾತ. ಗದ್ದೆಯ ಏಡಿಗಳನ್ನು ತಿಂದುದರಿಂದ, ಅವುಗಳಲ್ಲಿ ಸೇರಿದ ಕೀಟನಾಶಕದಿಂದ ಈ ರೋಗ ಬಂದಿತೆಂಬ ಅಭಿಪ್ರಾಯವೂ ಬಹುಕಾಲ ಪ್ರಚಾರದಲ್ಲಿತ್ತು. ಮುಂದೆ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಅಗರವಾಲ್ ಮೊದಲಾದವರು ಕ್ಷಕಿರಣ ಚಿತ್ರಗಳನ್ನು ಕೂಲಂಕಷವಾಗಿ ಅಭ್ಯಸಿಸಿ, ೧೯೯೪ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಇದು ವಂಶಪಾರಂಪರ್ಯವಾಗಿ ಬರುವ, ಬೆನ್ನುಮೂಳೆ ಮತ್ತು ಉದ್ದಮೂಳೆಗಳ ತುದಿಯ ಬೆಳವಣಿಗೆಯ ದೋಷವೆಂದು ತೋರಿಸಿದರು.

ಸಂಧಿವಾತವೆಂಬ ಹೆಸರು ಉರಿಯೂತವನ್ನು ಸೂಚಿಸುತ್ತದೆ. ಒಳಗೆ ಇದ್ದುದು ಬೇರೆ. ಮೊದಲಿನ ಸಂಶೋಧಕರು ತಪ್ಪಿದರೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಕುಟುಂಬಗಳಲ್ಲಿ ರೋಗವು ಹರಿದುಬರುವುದನ್ನು ಅವರು ಹೆಸರಿನಲ್ಲಿಯೇ ಸೂಚಿಸಿದ್ದರು. ಆದರೆ ಕಾರಣವನ್ನು ಏಡಿಯಲ್ಲಿ ಹುಡುಕಬೇಕೋ ವಂಶದಲ್ಲಿ ಹುಡುಕಬೇಕೋ ಎಂಬ ದಿಕ್ಕು ಒಳಚಿತ್ರವನ್ನು ಓದುವ ರೀತಿಯ ಮೇಲೆ ನಿಂತಿತ್ತು ಎಂಬುದು ಸ್ಪಷ್ಟ. ಆ ನಡುವಿನ ವರ್ಷಗಳಲ್ಲಿ ಅದೇ ಬಡಕುಟುಂಬಗಳು ತಮ್ಮ ಊಟದ ಏಡಿಯನ್ನೇ ಅನುಮಾನಿಸಬೇಕಾಯಿತು.

ಇಷ್ಟಿದ್ದರೂ ಕ್ಷಕಿರಣಕ್ಕೆ ಒಂದು ದೊಡ್ಡ ಮಿತಿಯುಂಟು. ಅದು ಮೂಳೆಯನ್ನು ತೋರಿಸುತ್ತದೆ. ಕೀಲಿನ ಒಳಪೊರೆ, ಕೀಲುರಸ, ಮೃದ್ವಸ್ಥಿ, ಸ್ನಾಯುರಜ್ಜು ಇವನ್ನು ನೇರವಾಗಿ ತೋರಿಸಲಾರದು. ಸೋಂಕು, ಉರಿಯೂತಗಳು ಆರಂಭವಾಗುವುದು ಈ ಮೆತುಭಾಗಗಳಲ್ಲಿ. ಮೂಳೆ ಸವೆದು ಚಿತ್ರದಲ್ಲಿ ಗುರುತು ಮೂಡುವ ವೇಳೆಗೆ ಉಳಿಸಬೇಕಾದುದು ಎಷ್ಟೋ ಕಳೆದುಹೋಗಿರುತ್ತದೆ. ಈ ಕೊರತೆಯನ್ನು ತುಂಬಿದುದು ಬೆಳಕಲ್ಲ, ಧ್ವನಿ.

೪

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗಿನ ಧ್ವನಿ ಮಾತ್ರ ಕೇಳಿಸುತ್ತದೆ. ಅದಕ್ಕೆ ಮೇಲ್ಪಟ್ಟುದು ಶ್ರವಣಾತೀತ. ೧೭೯೪ರಲ್ಲಿ ಇಟಲಿಯ ಸ್ಪಲಾಂಜಾನಿಯು, ಕಣ್ಣು ಕಾಣದಿದ್ದರೂ ಬಾವಲಿಯು ಕತ್ತಲಲ್ಲಿ ದಾರಿ ತಪ್ಪದೆಂದೂ, ಕಿವಿ ಮುಚ್ಚಿದರೆ ತಪ್ಪುವುದೆಂದೂ ಕಂಡನು. ೧೮೮೦ರಲ್ಲಿ ಜಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು ಕೆಲವು ಹರಳುಗಳನ್ನು ಅದುಮಿದರೆ ವಿದ್ಯುತ್ತು ಹುಟ್ಟುವುದನ್ನು ಪತ್ತೆಮಾಡಿದರು. ಇದರ ವಿಲೋಮವಾಗಿ, ಹರಳಿಗೆ ವಿದ್ಯುತ್ತು ಕೊಟ್ಟರೆ ಅದು ಕಂಪಿಸುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ೧೯೧೭ರ ಸುಮಾರಿಗೆ, ಲಾಂಜೆವಿನನು ಸ್ಫಟಿಕದ ಹರಳಿನಿಂದ ಧ್ವನಿಯನ್ನು ಹೊರಡಿಸಿ ಸಮುದ್ರದಾಳದ ಜಲಾಂತರ್ಗಾಮಿಗಳನ್ನು ಅದರ ಮಾರ್ದನಿಯಿಂದ ಗುರುತಿಸುವ ಸಾಧನವನ್ನು ರಚಿಸಿದನು. ಯುದ್ಧಕ್ಕೆಂದು ಹುಟ್ಟಿದ ಈ ವಿದ್ಯೆಯೇ ಮುಂದೆ ಆಸ್ಪತ್ರೆಯನ್ನು ಪ್ರವೇಶಿಸಿತು.

ಈ ಕಥೆಯಲ್ಲಿ ಬೆಂಗಳೂರಿನ ಪಾತ್ರವನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ ಅವರು ಶ್ರವಣಾತೀತ ಧ್ವನಿತರಂಗಗಳು ಹಾದುಹೋಗುತ್ತಿರುವ ದ್ರವದಲ್ಲಿ ಬೆಳಕು ಹೇಗೆ ಚೆದುರುತ್ತದೆಂಬುದನ್ನು ಗಣಿತದಿಂದ ವಿವರಿಸಿ, ೧೯೩೫-೩೬ರಲ್ಲಿ ಲೇಖನಗಳ ಸರಣಿಯೊಂದನ್ನು ಪ್ರಕಟಿಸಿದರು. ಆ ಸಿದ್ಧಾಂತವು ಇಂದಿಗೂ ಅವರಿಬ್ಬರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅದು ರೋಗಪರೀಕ್ಷೆಯ ಯಂತ್ರಕ್ಕೆ ನೇರವಾದ ಮೂಲವಲ್ಲ. ಆದರೂ ಶ್ರವಣಾತೀತ ಧ್ವನಿಯ ಭೌತಶಾಸ್ತ್ರದಲ್ಲಿ ಕರ್ನಾಟಕದ ನೆಲದಿಂದ ಮೂಲಭೂತವಾದ ಕೊಡುಗೆ ಸಂದ ಕಾಲಕ್ಕೂ, ಅದೇ ರಾಜ್ಯದ ಗ್ರಾಮವಾಸಿಗೆ ಆ ಧ್ವನಿಯಿಂದ ಪ್ರಯೋಜನ ದೊರೆತ ಕಾಲಕ್ಕೂ ನಡುವೆ ಎಷ್ಟು ಅಂತರವಿದೆ ಎಂಬುದು ವಿಚಾರಾರ್ಹ.

ವಿಯೆನ್ನಾದ ನರರೋಗತಜ್ಞ ಕಾರ್ಲ್ ಡುಸಿಕ್ ೧೯೪೨ರಲ್ಲಿ ಮಿದುಳಿನ ಪರೀಕ್ಷೆಗೆ ಈ ಧ್ವನಿಯನ್ನು ಬಳಸಲು ಯತ್ನಿಸಿದನು. ೧೯೫೮ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗೆಡ್ಡೆಗಳ ಪರೀಕ್ಷೆಯನ್ನು ಕುರಿತು ಪ್ರಕಟಿಸಿದ ಲೇಖನದಿಂದ ಪ್ರಸೂತಿವಿಜ್ಞಾನದಲ್ಲಿ ಈ ಪದ್ಧತಿ ನೆಲೆಗೊಂಡಿತು. ಅದೇ ೧೯೫೮ರಲ್ಲಿ ಡುಸಿಕ್ ಮತ್ತು ಸಂಗಡಿಗರು ಕೀಲಿನ ಅಂಗಾಂಶಗಳು ಧ್ವನಿಯನ್ನು ಎಷ್ಟೆಷ್ಟು ಹೀರುತ್ತವೆಂದು ಅಳೆದು ವರದಿಮಾಡಿದರು. ಗರ್ಭಿಣಿಯರ ಪರೀಕ್ಷೆಯು ಲೋಕಪ್ರಸಿದ್ಧವಾಯಿತು; ಕೀಲಿನ ಪರೀಕ್ಷೆಯು ಬಹುಕಾಲ ಹಿಂದೆ ಉಳಿಯಿತು. ೧೯೭೨ರಲ್ಲಿ ಮೆಕ್‌ಡೊನಾಲ್ಡ್ ಮತ್ತು ಲಿಯೊಪೋಲ್ಡ್ ಅವರು ಮೊಣಕಾಲಿನ ಹಿಂಬದಿಯ ರಸಚೀಲಕ್ಕೂ ರಕ್ತನಾಳದ ಹೆಪ್ಪಿಗೂ ಇರುವ ಭೇದವನ್ನು ಈ ಚಿತ್ರದಿಂದ ತೋರಿಸಿದರು. ೧೯೭೮ರಲ್ಲಿ ಕೂಪರ್‌ಬರ್ಗ್ ಮೊದಲಾದವರು ಸಂಧಿವಾತದ ಮೊಣಕಾಲಿನಲ್ಲಿ ದಪ್ಪವಾದ ಒಳಪೊರೆಯನ್ನೂ ದ್ರವವನ್ನೂ ಗುರುತಿಸಿದರು. ೧೯೯೪ರಲ್ಲಿ ನ್ಯೂಮನ್ ಮತ್ತು ಸಂಗಡಿಗರು ಡಾಪ್ಲರ್ ತತ್ತ್ವದ ಸುಧಾರಿತ ರೂಪವೊಂದರಿಂದ ಮೆತು ಅಂಗಾಂಶಗಳಲ್ಲಿ ಏರಿದ ರಕ್ತಸಂಚಾರವನ್ನು ಚಿತ್ರದ ಮೇಲೆ ಬಣ್ಣವಾಗಿ ತೋರಿಸಿದರು. ಸೆಲ್ಸಸನು ಹೇಳಿದ ಕೆಂಪು, ಬಿಸಿಗಳಿಗೆ ಕಾರಣವಾದ ರಕ್ತದ ನುಗ್ಗುವಿಕೆಯು ಚರ್ಮದ ಅಡಿಯಲ್ಲಿಯೇ ಹೀಗೆ ಕಣ್ಣಿಗೆ ಗೋಚರವಾಯಿತು.

೫

ಈ ಪರೀಕ್ಷೆಯು ನಡೆಯುವ ಬಗೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. ಕೈಯಲ್ಲಿ ಹಿಡಿಯುವ ಶೋಧಕದಲ್ಲಿರುವ ಹರಳುಗಳು ಸೆಕೆಂಡಿಗೆ ಲಕ್ಷಾಂತರ ಕಂಪನಗಳುಳ್ಳ ಧ್ವನಿಯನ್ನು ಒಳಗೆ ಕಳುಹಿಸಿ, ಹಿಂದಿರುಗುವ ಮಾರ್ದನಿಗಳನ್ನು ಸ್ವೀಕರಿಸುತ್ತವೆ. ಮೇಲ್ಮೈಗೆ ಹತ್ತಿರವಾದ ಕೀಲುಗಳಿಗೆ ೭೦ ಲಕ್ಷದಿಂದ ೧.೫ ಕೋಟಿ ಕಂಪನಗಳ ಧ್ವನಿಯನ್ನೂ, ಕೆಲವೊಮ್ಮೆ ಅದಕ್ಕೂ ಹೆಚ್ಚಿನದನ್ನೂ ಬಳಸುತ್ತಾರೆ. ಕಂಪನವು ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮವಾಗುತ್ತದೆ, ಆದರೆ ಆಳಕ್ಕೆ ಇಳಿಯುವ ಶಕ್ತಿ ಕುಗ್ಗುತ್ತದೆ. ಆದುದರಿಂದ ಬೆರಳಿಗೆ ಒಂದು ಬಗೆಯ ಶೋಧಕ, ಸೊಂಟಕ್ಕೆ ಇನ್ನೊಂದು. ಶುದ್ಧ ದ್ರವವು ಕಪ್ಪಾಗಿ, ದಪ್ಪನಾದ ಒಳಪೊರೆಯು ಬೂದುಬಣ್ಣವಾಗಿ, ಮೂಳೆಯ ಮೇಲ್ಮೈಯು ಬಿಳಿಯ ಗೆರೆಯಾಗಿ ತೋರುತ್ತದೆ. ಮೂಳೆಯು ಧ್ವನಿಯನ್ನು ಹಿಂದಕ್ಕೆ ಎಸೆಯುವುದರಿಂದ ಅದರ ಆಚೆಗಿನದು ಕಾಣದು. ಮೂಳೆಗಳ ನಡುವೆ ಆಳದಲ್ಲಿ ಅಡಗಿದ ಸೊಂಟಪಟ್ಟಿಯ ಹಿಂಗೀಲುಗಳಂತಹ ಎಡೆಗಳಲ್ಲಿ ಈ ಸಾಧನವು ಅಷ್ಟಾಗಿ ನೆರವಾಗುವುದಿಲ್ಲ. ಅಲ್ಲಿ ಕಾಂತೀಯ ಅನುರಣನದ ಚಿತ್ರಣವೇ ಬೇಕಾಗುತ್ತದೆ.

ಸೊಂಟದ ಕೀಲಿನಲ್ಲಿ ಅತ್ಯಲ್ಪ ದ್ರವವಿದ್ದರೂ ಇದು ತೋರಿಸಬಲ್ಲುದು. ವಿಕಿರಣದ ಭಯವಿಲ್ಲ, ಮಗುವನ್ನು ಮಂಪರಿಗೆ ಒಳಪಡಿಸಬೇಕಾಗಿಲ್ಲ. ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಗೊಡಬಾರದು. ಕಂಡ ದ್ರವವು ಕೀವೋ, ಉರಿಯೂತದ ನೀರೋ, ರಕ್ತವೋ ಎಂಬುದನ್ನು ಚಿತ್ರವೊಂದರಿಂದಲೇ ನಿಶ್ಚಯಿಸಲು ಬಾರದು. ಕಪ್ಪಾಗಿ ತೋರಿದ ದ್ರವದಲ್ಲಿ ಸೋಂಕಿರಬಹುದು; ಮಬ್ಬಾಗಿ ತೋರಿದುದರಲ್ಲಿ ಇಲ್ಲದಿರಬಹುದು. ರಕ್ತಸಂಚಾರವು ಹೆಚ್ಚಿದಂತೆ ತೋರದಿದ್ದರೂ ಸೋಂಕಿಲ್ಲವೆಂದು ಹೇಳುವಂತಿಲ್ಲ. ನಿಶ್ಚಯವು ಬರುವುದು ಸೂಜಿಯಿಂದ ತೆಗೆದ ಕೀಲುರಸದ ಪರೀಕ್ಷೆಯಿಂದ: ಜೀವಕೋಶಗಳ ಎಣಿಕೆ, ಗ್ರಾಮನು ೧೮೮೪ರಲ್ಲಿ ಪ್ರಕಟಿಸಿದ ಬಣ್ಣಹಾಕುವ ಕ್ರಮ, ಮತ್ತು ರೋಗಾಣುವಿನ ಕೃಷಿ. ಧ್ವನಿಚಿತ್ರವು ಸೂಜಿ ಎಲ್ಲಿಗೆ ಹೋಗಬೇಕೆಂದು ತೋರಿಸುತ್ತದೆ. ಸುಶ್ರುತನ ಕಾಲದ ಭ್ರಾಂತಿಗೆ ಉತ್ತರವು ಚಿತ್ರ, ಸೂಜಿ, ಪ್ರಯೋಗಶಾಲೆ ಈ ಮೂರು ಕೂಡಿದಾಗ ಮಾತ್ರ ದೊರೆಯುತ್ತದೆ. ಯಂತ್ರವೊಂದನ್ನು ಕೊಂಡುತಂದರೆ ಕೆಲಸ ಮುಗಿಯಿತೆಂದು ತಿಳಿಯುವವರು ಇದನ್ನು ಗಮನಿಸಬೇಕು.

೬

ಈಗ ನಮ್ಮ ಸೀಮೆಯ ಎರಡು ನಿದರ್ಶನಗಳಿಗೆ ಬರೋಣ. ಮೊದಲನೆಯದು ಜೇವರ್ಗಿ, ಅಫಜಲಪುರ ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ವಿಜಾಪುರ ಜಿಲ್ಲೆಯದು.

ಬ್ರೂಸೆಲ್ಲಾ ಎಂಬ ರೋಗಾಣುವನ್ನು ಡೇವಿಡ್ ಬ್ರೂಸನು ೧೮೮೭ರಲ್ಲಿ ಮಾಲ್ಟಾ ದ್ವೀಪದಲ್ಲಿ ಗುರುತಿಸಿದನು. ಅದು ಮೇಕೆಯ ಹಾಲಿನಿಂದ ಹರಡುವುದೆಂಬುದು ಜಾಮಿತನ ಶೋಧನೆಯಿಂದ ೧೯೦೫ರಲ್ಲಿ ತಿಳಿದುಬಂದಿತು. ಕಾಯಿಸದ ಹಾಲು, ರೋಗಪೀಡಿತ ಪಶುಗಳ ಹೆರಿಗೆ ಮತ್ತು ಗರ್ಭಪಾತದ ಕಾಲದ ಸಂಪರ್ಕ ಇವುಗಳಿಂದ ಮನುಷ್ಯನಿಗೆ ಹತ್ತುವ ಈ ರೋಗವು ಏರಿಳಿಯುವ ಜ್ವರವನ್ನು ತರುವುದಲ್ಲದೆ ಬೆನ್ನುಮೂಳೆ, ಸೊಂಟ, ಮೊಣಕಾಲುಗಳ ಕೀಲುಗಳಲ್ಲಿ ನೆಲೆಸುತ್ತದೆ. ವಿಜಾಪುರದಲ್ಲಿ ಬಿ. ಜಿ. ಮಂತೂರ ಮತ್ತು ಅವರ ಸಂಗಡಿಗರು ೧೬ ವರ್ಷಗಳ ಕಾಲ ರಕ್ತಪರೀಕ್ಷೆಗಳನ್ನು ನಡೆಸಿ, ವಯಸ್ಕರಲ್ಲಿ ೪೯೫ ಮಂದಿಗೆ ಈ ರೋಗವಿದ್ದುದನ್ನು ಖಚಿತಪಡಿಸಿ, ೨೦೦೬ರಲ್ಲಿ ವರದಿಯನ್ನು ಪ್ರಕಟಿಸಿದರು. ಕುರಿ ಮೇಕೆಗಳ ನಡುವೆ ಬದುಕುವ ಸೀಮೆಯಲ್ಲಿ ದೀರ್ಘಜ್ವರವನ್ನೂ ಕೀಲುನೋವನ್ನೂ ಕಂಡಾಗ ಈ ರೋಗವನ್ನು ನೆನೆಯಬೇಕೆಂಬುದು ಇದರಿಂದ ಹೊರಡುವ ಪಾಠ. ನೆನೆಯದಿದ್ದರೆ ಅದು ಕ್ಷಯವೆಂದೋ ವಾಯುವೆಂದೋ ಹೆಸರು ಪಡೆದು ಮರೆಯಾಗುತ್ತದೆ. ಹುಡುಕುವವರು ಇದ್ದುದರಿಂದ ವಿಜಾಪುರದಲ್ಲಿ ರೋಗವು ಲೆಕ್ಕಕ್ಕೆ ಬಂದಿತು. ಲೆಕ್ಕವಿಲ್ಲದ ಜಿಲ್ಲೆಯಲ್ಲಿ ರೋಗವಿಲ್ಲವೆಂದು ಇತಿಹಾಸಕಾರನು ಬರೆದರೆ ಅದು ಆಕರಗಳ ಮೌನವನ್ನು ಪುರಾವೆಯೆಂದು ಬಗೆದ ದೋಷವಾಗುತ್ತದೆ.

ಎರಡನೆಯದು ಚಿಕುನ್‌ಗುನ್ಯಾ. ೧೯೫೨-೫೩ರಲ್ಲಿ ಆಫ್ರಿಕದ ಟಾಂಗಾನಿಕದಲ್ಲಿ ಈ ಜ್ವರವು ಮೊದಲಿಗೆ ಗುರುತಿಸಲ್ಪಟ್ಟಿತು. ಮಕೊಂಡೆ ಭಾಷೆಯ ಈ ಹೆಸರಿಗೆ ಬಾಗಿಸುವುದು ಎಂಬ ಅರ್ಥವಿದೆ. ಕೀಲುನೋವಿನಿಂದ ರೋಗಿಯು ಬಾಗಿಹೋಗುವುದನ್ನು ಅದು ಸೂಚಿಸುತ್ತದೆ. ಭಾರತದಲ್ಲಿ ೧೯೬೩ರಲ್ಲಿ ಕಲಕತ್ತೆಯಲ್ಲಿಯೂ, ೧೯೬೪ರಲ್ಲಿ ಮದರಾಸು ಮೊದಲಾದ ಎಡೆಗಳಲ್ಲಿಯೂ ಕಾಣಿಸಿಕೊಂಡು, ೧೯೭೩ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹರಡಿತು. ಆಳಂದ, ಅಫಜಲಪುರಗಳಿಗೆ ಸೊಲ್ಲಾಪುರ ಜಿಲ್ಲೆಯು ನೆರೆಯದು. ಮೂರು ದಶಕಗಳ ಮೌನದ ಬಳಿಕ ೨೦೦೫ರ ಕೊನೆಯಲ್ಲಿ ರೋಗವು ಮತ್ತೆ ತಲೆಯೆತ್ತಿತು. ೨೦೦೬ರಲ್ಲಿ ದೇಶದಲ್ಲಿ ವರದಿಯಾದ ಶಂಕಿತ ಪ್ರಕರಣಗಳು ಸುಮಾರು ೧೩.೯ ಲಕ್ಷ, ಅವುಗಳಲ್ಲಿ ಸುಮಾರು ೭.೫ ಲಕ್ಷ, ಎಂದರೆ ಅರ್ಧಕ್ಕಿಂತ ಹೆಚ್ಚು, ಕರ್ನಾಟಕದವು. ಅಂದಿನ ಗುಲಬರ್ಗಾ ಜಿಲ್ಲೆಯು ಪೀಡಿತ ಜಿಲ್ಲೆಗಳ ಪಟ್ಟಿಯಲ್ಲಿತ್ತು. ಹಿಂದಿನ ಮಾರಿಗಳಿಗೆ ಏಷ್ಯಾದ ತಳಿಯೂ ಈ ಬಾರಿಯದಕ್ಕೆ ಆಫ್ರಿಕದ ತಳಿಯೂ ಕಾರಣವೆಂದು ರಾಷ್ಟ್ರೀಯ ವಿಷಾಣು ಸಂಸ್ಥೆಯ ಯೆರ್ಗೋಳಕರ ಮೊದಲಾದವರು ೨೦೦೬ರಲ್ಲಿಯೇ ತೋರಿಸಿದರು.

ಈ ರೋಗದಲ್ಲಿ ಜ್ವರವು ಬೇಗ ಇಳಿದರೂ ಕೀಲುನೋವು ಹಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ನೋವಿನ ಹಿಂದೆ ಕೀಲಿನ ಒಳಪೊರೆಯ ಮತ್ತು ಸ್ನಾಯುರಜ್ಜುಗಳ ಹೊದಿಕೆಯ ಉರಿಯೂತವಿರುವುದನ್ನು ೨೦೧೦ರ ದಶಕದ ಉತ್ತರಾರ್ಧದಲ್ಲಿ ಬ್ರೆಜಿಲಿನ ವೈದ್ಯರು ಕೈ, ಮಣಿಕಟ್ಟುಗಳ ಧ್ವನಿಚಿತ್ರಗಳಿಂದ ದಾಖಲಿಸಿದರು. ೨೦೦೬ರಲ್ಲಿ ಸರ್ಕಾರದ ಲೆಕ್ಕವು ಜ್ವರದ ಲೆಕ್ಕವಾಗಿತ್ತು. ಜ್ವರ ಇಳಿದ ಮೇಲೆ ಕುಡುಗೋಲು ಹಿಡಿಯಲಾಗದೆ ಒಂದು ಸುಗ್ಗಿಯ ಕೂಲಿಯನ್ನೇ ಕಳೆದುಕೊಂಡವರು ಯಾವ ಪಟ್ಟಿಗೆ ಸೇರಬೇಕು? ನೋವು ಕಣ್ಣಿಗೆ ಕಾಣದು. ಚಿತ್ರವಿಲ್ಲದೆಡೆಯಲ್ಲಿ ಅದು ಸೋಮಾರಿತನವೆಂಬ ಹೆಸರು ಪಡೆಯುವುದೂ ಅಸಂಭವವಲ್ಲ.

೭

ಸಾಧನವು ರೋಗಿಗೆ ಎಟುಕಿದ ಬಗೆಯನ್ನು ಕುರಿತು ಎರಡು ಮಾತು. ಕಲಬುರಗಿಯು ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಉತ್ತರ ಕರ್ನಾಟಕದ ರೋಗಿಗಳು ದೊಡ್ಡ ಶಸ್ತ್ರಚಿಕಿತ್ಸೆಗೆ ಮೀರಜಿನ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದುದು ಹಿರಿಯರ ನೆನಪಿನಲ್ಲಿದೆ. ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯು ೧೯೬೩ರಲ್ಲಿ ಕಲಬುರಗಿಯಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿತು. ಅದು ಇಂದು ಮಹಾದೇವಪ್ಪ ರಾಂಪುರೆಯವರ ಹೆಸರಿನಲ್ಲಿದೆ. ಸರ್ಕಾರದ ವೈದ್ಯಕೀಯ ಕಾಲೇಜು ಬಂದುದು ೨೦೧೦ರ ದಶಕದಲ್ಲಿ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ಒಪ್ಪಿಸಿದ ವರದಿಯು ರಾಜ್ಯದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಎಣಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅವುಗಳಲ್ಲಿ ಸೇರಿದ್ದವು. ಜೇವರ್ಗಿಯ ಕಡೆಯಿಂದ ಹೊರಟ ರೋಗಿಯು ಕಟ್ಟಿಸಂಗಾವಿಯ ಸೇತುವೆಯಲ್ಲಿ ಭೀಮೆಯನ್ನು ದಾಟಿ ಕಲಬುರಗಿಯನ್ನು ಸೇರುತ್ತಾನೆ. ಆರೋಗ್ಯವಂತನಿಗೆ ಅದು ಗಂಟೆಯ ದಾರಿ. ಕೀಲಿನಲ್ಲಿ ಕೀವು ತುಂಬುತ್ತಿರುವ ಬಾಲಕನ ತಂದೆಗೆ ಅದು ಕೂಲಿ ಕಳೆದುಕೊಳ್ಳುವ ಲೆಕ್ಕ, ಸಾಲದ ಲೆಕ್ಕ, ಇನ್ನೊಂದು ದಿನ ನೋಡೋಣವೆಂಬ ಲೆಕ್ಕ. ಆ ಇನ್ನೊಂದು ದಿನವೇ ಮೃದ್ವಸ್ಥಿಯ ಪಾಲಿಗೆ ನಿರ್ಣಾಯಕವಾಗಬಹುದು.

ಹಗುರವಾದ, ಕೈಯಲ್ಲಿ ಒಯ್ಯಬಹುದಾದ ಧ್ವನಿಯಂತ್ರಗಳು ಈಗ ಇರುವಾಗ ಯಂತ್ರವೇ ರೋಗಿಯ ಬಳಿಗೆ ಏಕೆ ಹೋಗಬಾರದೆಂಬ ಪ್ರ್ರಶ್ನೆ ಸಹಜ. ಇಲ್ಲಿ ನಮ್ಮ ದೇಶದ ಇತಿಹಾಸವು ಒಂದು ಗಂಭೀರವಾದ ತೊಡಕನ್ನು ತಂದಿದೆ. ಇದೇ ಯಂತ್ರದಿಂದ ಹೆಣ್ಣುಭ್ರೂಣವನ್ನು ಗುರುತಿಸಿ ತೆಗೆಸುವ ಅನಾಚಾರವು ಹಬ್ಬಿದುದರಿಂದ ೧೯೯೪ರಲ್ಲಿ ನಿಷೇಧದ ಕಾಯಿದೆಯಾಗಿ, ೧೯೯೬ರ ಜನವರಿ ೧ರಿಂದ ಜಾರಿಗೆ ಬಂದು, ೨೦೦೩ರಲ್ಲಿ ಬಲಗೊಂಡಿತು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಹೆಣ್ಣುಮಕ್ಕಳ ಸಂಖ್ಯೆಯು ೧೯೯೧ರಲ್ಲಿ ೯೬೦ ಇದ್ದುದು ೨೦೦೧ರಲ್ಲಿ ೯೪೬ಕ್ಕೆ ಇಳಿದು, ೨೦೧೧ರಲ್ಲಿ ೯೪೮ ಆಯಿತು. ಇಂತಹ ಸ್ಥಿತಿಯಲ್ಲಿ ಕಾಯಿದೆಯ ಅವಶ್ಯಕತೆಯನ್ನು ಅಲ್ಲಗಳೆಯಲಾಗದು. ಆದರೆ ಗರ್ಭವನ್ನು ನೋಡಬಲ್ಲ ಯಂತ್ರಕ್ಕೆ ಹಾಕಿದ ನೋಂದಣಿ, ಸ್ಥಳನಿರ್ಬಂಧಗಳು ಮೊಣಕಾಲನ್ನಷ್ಟೇ ನೋಡುವ ವೈದ್ಯನಿಗೂ ಅನ್ವಯಿಸಿದವು. ೨೦೧೨ರ ನಿಯಮಗಳಂತೆ ಒಯ್ಯಬಹುದಾದ ಯಂತ್ರವನ್ನು ನೋಂದಾಯಿತ ಆವರಣದೊಳಗೆ, ಇಲ್ಲವೆ ಇತರ ಸೇವೆಗಳನ್ನೂ ಒದಗಿಸುವ ಸಂಚಾರಿ ವೈದ್ಯಕೀಯ ಘಟಕದ ಅಂಗವಾಗಿ ಮಾತ್ರ ಬಳಸಬೇಕು. ಹುಟ್ಟಬೇಕಾದ ಹೆಣ್ಣುಮಗುವಿನ ರಕ್ಷಣೆಯೂ ಹುಟ್ಟಿದ ಮಗುವಿನ ಕಾಲಿನ ರಕ್ಷಣೆಯೂ ಒಂದೇ ಯಂತ್ರದ ಸುತ್ತ ಹೀಗೆ ಎದುರುಬದುರಾಗಿ ನಿಂತಿವೆ. ಮೊದಲನೆಯದನ್ನು ಸಡಿಲಿಸಿ ಎರಡನೆಯದನ್ನು ಸಾಧಿಸಬೇಕೆಂಬುದು ನಮ್ಮ ವಾದವಲ್ಲ. ಸಂಚಾರಿ ಘಟಕಕ್ಕೆ ನಿಯಮದಲ್ಲಿಯೇ ಎಡೆಯಿದೆ. ತಾಲ್ಲೂಕು ಆಸ್ಪತ್ರೆಯ ನೋಂದಾಯಿತ ಯಂತ್ರವನ್ನು ಕೀಲಿನ ಪರೀಕ್ಷೆಗೂ ಬಳಸಲು ಅಡ್ಡಿಯಿಲ್ಲ. ಬೇಕಾದುದು ಕೀಲನ್ನು ನೋಡಲು ಕಲಿತ ಕಣ್ಣು, ರಸವನ್ನು ತೆಗೆಯಲು ಕಲಿತ ಕೈ, ಪರೀಕ್ಷಿಸುವ ಪ್ರಯೋಗಶಾಲೆ.

೮

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸಿದ್ಧಿಸುತ್ತವೆಂದು ನಾವು ಭಾವಿಸುತ್ತೇವೆ. ಒಂದು, ಕೀಲುಬೇನೆಯ ಹೆಸರುಗಳು ಆಯಾ ಕಾಲದಲ್ಲಿ ಒಳಗನ್ನು ಎಷ್ಟು ಕಾಣಲು ಸಾಧ್ಯವಿತ್ತೆಂಬುದನ್ನು ಅವಲಂಬಿಸಿವೆ. ಹಂದಿಗೋಡಿನ ಪ್ರಕರಣವು ಇದಕ್ಕೆ ಸಾಕ್ಷಿ. ಹಳೆಯ ಕಡತಗಳಲ್ಲಿ ವಾಯು, ಸಂಧಿವಾತ ಎಂದಿರುವುದನ್ನು ಇಂದಿನ ಅರ್ಥದಲ್ಲಿ ಓದಬಾರದು. ಎರಡು, ಶ್ರವಣಾತೀತ ಧ್ವನಿಯ ಚಿತ್ರಣವು ಉರಿಯೂತವನ್ನು ಬಹುಬೇಗ ತೋರಿಸುತ್ತದೆಯಾದರೂ ಸೋಂಕನ್ನು ಒಂಟಿಯಾಗಿ ನಿರ್ಣಯಿಸಲಾರದು. ಮೂರು, ೧೯೫೮, ೧೯೭೮, ೧೯೯೪ ಎಂಬ ವರ್ಷಗಳು ಆವಿಷ್ಕಾರದ ವರ್ಷಗಳೇ ಹೊರತು ಇಜೇರಿಯ ವರ್ಷಗಳಲ್ಲ. ಈ ಸೀಮೆಯ ವೈದ್ಯಕೀಯ ಇತಿಹಾಸವನ್ನು ಬರೆಯುವವನು ಎರಡು ಕಾಲಗಣನೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಎರಡನೆಯ ಕಾಲಗಣನೆಗೆ ಆಕರಗಳು ಎಲ್ಲಿವೆ? ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೊರರೋಗಿಗಳ ದಾಖಲೆ ಪುಸ್ತಕಗಳಲ್ಲಿ, ಆಸ್ಪತ್ರೆಗಳ ರೋಗಿಚೀಟಿಗಳಲ್ಲಿ, ಕ್ಷಕಿರಣ ವಿಭಾಗಗಳ ನೋಂದಣಿ ಪುಸ್ತಕಗಳಲ್ಲಿ, ೨೦೦೬ರ ಜ್ವರವನ್ನು ಕಂಡ ಆರೋಗ್ಯ ಸಹಾಯಕಿಯರ ದಿನಚರಿಗಳಲ್ಲಿ ಮತ್ತು ನೆನಪುಗಳಲ್ಲಿ. ಇಂತಹ ಕಾಗದಗಳು ಅವಧಿ ಮುಗಿದವೆಂದು ರದ್ದಿಗೆ ಹೋಗುವಂತಹವು. ತಾಮ್ರಪಟಗಳನ್ನು ಹುಡುಕಿ ಓದುವಷ್ಟೇ ಶ್ರದ್ಧೆಯಿಂದ, ರೋಗಿಗಳ ಹೆಸರುಗಳನ್ನು ಗೌಪ್ಯವಾಗಿರಿಸಿ, ಇವನ್ನು ಸಂಗ್ರಹಿಸುವ ಕಾರ್ಯವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕುಗಳಲ್ಲಿ ಕೈಗೊಳ್ಳಬಹುದು. ಒಂದು ಊರಿನ ಮಗು ಕುಂಟಾದುದು ದೈವದಿಂದಲೋ, ದೂರದಿಂದಲೋ, ಯಾರೂ ಒಳಗೆ ನೋಡದೆ ಹೋದುದರಿಂದಲೋ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಪುರಾವೆಗಳು ಆ ಕಾಗದಗಳಲ್ಲಿವೆ. ಈ ಲೇಖನವು ಅಂತಹ ಸಂಗ್ರಹಕ್ಕೆ ಒಂದು ಪೀಠಿಕೆಯಾದರೆ ನಮ್ಮ ಶ್ರಮವು ಸಾರ್ಥಕ.